‘ನೀಗ್ರೋ’ ಶಬ್ದದ ವಿವಾದವೂ ದೊಡ್ಡಕ್ಷರದ ಪ್ರಶ್ನೆಯೂ

ಒಂದು ಜನಾಂಗವನ್ನು ಯಾವ ಹೆಸರಿನಿಂದ ಕರೆಯಬೇಕೆಂಬುದನ್ನು ನಿರ್ಣಯಿಸುವ ಅಧಿಕಾರವು ಯಾರದು? ನಿಘಂಟುಕಾರರದೋ, ಆಳುವವರದೋ, ಆ ಹೆಸರನ್ನು ಹೊತ್ತು ಬಾಳುವವರದೋ? ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಆಫ್ರಿಕಾ ಮೂಲದ ಜನರು ಈ ವಿಷಯವಾಗಿ ನಡೆಸಿದ ಚರ್ಚೆಯು ನೂರು ವರ್ಷಗಳಿಗೂ ಮೀರಿದುದು. ಅದು ಬಹುಮಟ್ಟಿಗೆ ಪತ್ರಿಕೆಗಳ ಪುಟಗಳಲ್ಲಿಯೇ ನಡೆದುದರಿಂದ ಭಾಷಾಭ್ಯಾಸಿಗಳಿಗೂ ವಿಚಾರಾರ್ಹವಾಗಿದೆ.

1909ರಲ್ಲಿ ಆ ಜನರ ಹಕ್ಕುಗಳಿಗಾಗಿ ಸ್ಥಾಪಿತವಾದ ರಾಷ್ಟ್ರೀಯ ಸಂಘದ ಮುಖಪತ್ರವಾಗಿ ಮರುವರ್ಷ ‘ದಿ ಕ್ರೈಸಿಸ್’ ಎಂಬ ಮಾಸಪತ್ರಿಕೆಯು ಹೊರಟಿತು. 1934ರವರೆಗೆ ಅದರ ಸಂಪಾದಕರಾಗಿದ್ದವರು ಡಬ್ಲ್ಯು. ಇ. ಬಿ. ಡುಬಾಯಿಸರು. 1928ರ ಮಾರ್ಚಿ ಸಂಚಿಕೆಯಲ್ಲಿ ಇಂಡಿಯಾನಾ ಪ್ರಾಂತದ ಶಾಲಾ ಬಾಲಕನೊಬ್ಬನ ಓಲೆಯು ಅಚ್ಚಾಯಿತು. ಆಫ್ರಿಕಾದ ನಿವಾಸಿಗಳನ್ನು ಪತ್ರಿಕೆಯು ‘ನೀಗ್ರೋ’ಗಳೆಂದು ಕರೆಯುವುದೇಕೆ? ಅದು ತಮ್ಮನ್ನು ಕೀಳೆನಿಸಲು ಬಿಳಿಯರು ಬಳಸುವ ಮಾತಲ್ಲವೆ? ತಾನು ದೊಡ್ಡವನಾಗುವ ಹೊತ್ತಿಗಾದರೂ ಅದು ಅಳಿದುಹೋಗಲಿ. ಇದು ಬಾಲಕನ ಮಾತಿನ ಸಾರಾಂಶವು.

ಡುಬಾಯಿಸರು ಇದಕ್ಕೆ ದೀರ್ಘವಾಗಿಯೇ ಉತ್ತರವಿತ್ತರು. ಹೆಸರು ಕೇವಲ ಸಂಕೇತವು. ಅದನ್ನೇ ವಸ್ತುವೆಂದು ಭ್ರಮಿಸಬಾರದು. ಬೇರೊಂದು ಹೆಸರಿಟ್ಟುಕೊಂಡ ಮಾತ್ರಕ್ಕೆ ದ್ವೇಷವು ಅಡಗಲಾರದು. ಹೊಸ ಹೆಸರಿಗೂ ಆ ದ್ವೇಷವೇ ಅಂಟಿಕೊಳ್ಳುವುದು. ಆದಕಾರಣ ಹಿಡಿಯಬೇಕಾದದ್ದು ವಸ್ತುವನ್ನು ಎಂದು ಅವರು ಮಗುವಿಗೆ ಹೇಳುವಂತೆ ಅಕ್ಕರೆಯಿಂದ ತಿಳಿಸಿದರು. ಶಬ್ದಾರ್ಥಸಂಬಂಧವನ್ನು ಬಲ್ಲವರಿಗೆ ಈ ವಾದವು ಒಪ್ಪುವಂತಹದೇ. ಆದರೆ ಹಾಗೆ ಕರೆಯಿಸಿಕೊಂಡಾಗ ಬಾಲಕನಿಗಾದ ನೋವಿಗೆ ಅದರಲ್ಲಿ ಸಮಾಧಾನವು ಕಡಿಮೆ.

ಆಶ್ಚರ್ಯವೇನೆಂದರೆ, ಹೆಸರು ಮುಖ್ಯವಲ್ಲವೆಂದ ಇವರೇ ಅದರ ಒಂದು ಅಕ್ಷರಕ್ಕಾಗಿ ದಶಕಗಳ ಕಾಲ ಹೋರಾಡಿದವರು. ಇಂಗ್ಲಿಷಿನಲ್ಲಿ ಜನಾಂಗಗಳ ಹೆಸರುಗಳನ್ನು ದೊಡ್ಡಕ್ಷರದಿಂದ ಆರಂಭಿಸುವುದು ನಿಯಮವು. ಐರಿಷರಿಗೂ ಯೆಹೂದ್ಯರಿಗೂ ಈ ಮರ್ಯಾದೆಯು ಸಂದಿತ್ತು. ‘ನೀಗ್ರೋ’ ಶಬ್ದಕ್ಕೆ ಮಾತ್ರ ಚಿಕ್ಕಕ್ಷರವೇ ರೂಢಿಯಾಗಿತ್ತು. ಸ್ಪಾನಿಷ್ ಹಾಗೂ ಪೋರ್ಚುಗೀಸ್ ಭಾಷೆಗಳಲ್ಲಿ ಆ ಶಬ್ದಕ್ಕೆ ಕಪ್ಪು ಎಂದರ್ಥವಾದುದರಿಂದ ಅದು ಬಣ್ಣವನ್ನು ಹೇಳುವ ಮಾತಷ್ಟೇ ಎಂಬುದೊಂದು ಸಮರ್ಥನೆ. 1899ರಲ್ಲಿ ಪ್ರಕಟವಾದ ‘ದಿ ಫಿಲಡೆಲ್ಫಿಯಾ ನೀಗ್ರೋ’ ಗ್ರಂಥದ ಅಡಿಟಿಪ್ಪಣಿಯೊಂದರಲ್ಲಿ ಡುಬಾಯಿಸರು, ಎಂಬತ್ತು ಲಕ್ಷ ಅಮೆರಿಕನರಿಗೆ ಒಂದು ದೊಡ್ಡಕ್ಷರದ ಹಕ್ಕುಂಟೆಂದು ನಂಬಿ ತಾವು ಹಾಗೆಯೇ ಬರೆಯುವುದಾಗಿ ತಿಳಿಸಿರುತ್ತಾರೆ. ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆಯು ಇದನ್ನು ಅಂಗೀಕರಿಸಿದ್ದು 1930ರ ಮಾರ್ಚಿ 7ರಂದು.

ಇದನ್ನು ಪೂರ್ವೋತ್ತರವಿರೋಧವೆಂದು ತಳ್ಳಿಹಾಕಲಾಗದು. ಹೆಸರಿನ ಅರ್ಥವು ಬಳಕೆಯಿಂದ ಬರುವುದು. ಆದರೆ ಎಲ್ಲರಿಗೂ ಸಲ್ಲುವ ನಿಯಮವನ್ನು ಒಬ್ಬರಿಗೆ ಮಾತ್ರ ಸಲ್ಲಿಸದಿರುವುದು ಸಂಕೇತವಲ್ಲ, ಕೃತ್ಯ. ಚಿಕ್ಕಕ್ಷರವು ಅವರ ಪಾಲಿಗೆ ವಸ್ತುವೇ ಆಗಿತ್ತು.

ಬಾಲಕನ ಹಾರೈಕೆಯು ಮುಂದೆ ಈಡೇರಿತು. 1966ರಲ್ಲಿ ಸ್ಟೋಕ್ಲಿ ಕಾರ್ಮೈಕೇಲರು ‘ಬ್ಲ್ಯಾಕ್ ಪವರ್’ ಎಂಬ ಘೋಷಣೆಯನ್ನು ಜನಜನಿತಗೊಳಿಸಿದ ತರುವಾಯ, ಹಿಂದೆ ಬೈಗುಳಾಗಿದ್ದ ‘ಬ್ಲ್ಯಾಕ್’ ಅಭಿಮಾನದ ಹೆಸರಾಯಿತು. ‘ನೀಗ್ರೋ’ ಹಿಂದೆ ಸರಿಯಿತು. ಚರ್ಚೆಯ ಸ್ಥಾನವೂ ಕ್ರಮೇಣ ಓಲೆಯ ಅಂಕಣದಿಂದ ಅಂತರ್ಜಾಲಕ್ಕೆ ಸಾಗಿತು. 2013ರಲ್ಲಿ ಮೂವರು ಮಹಿಳೆಯರಿಂದ ಅಲ್ಲಿ ಹುಟ್ಟಿದ ‘ಬ್ಲ್ಯಾಕ್ ಲೈವ್ಸ್ ಮ್ಯಾಟರ್’ ಎಂಬ ಮಾತು ಲೋಕಪ್ರಸಿದ್ಧವಾಯಿತು. 2020ರ ಮೇ 25ರಂದು ಮಿನಿಯಾಪೊಲಿಸಿನಲ್ಲಿ ಜಾರ್ಜ್ ಫ್ಲಾಯ್ಡನು ಪೊಲೀಸರ ಕೈಯಲ್ಲಿ ಹತನಾದ ಮೇಲೆ, ಜೂನ್ 19ರಂದು ‘ಅಸೋಸಿಯೇಟೆಡ್ ಪ್ರೆಸ್’ ವಾರ್ತಾಸಂಸ್ಥೆಯು ‘ಬ್ಲ್ಯಾಕ್’ ಶಬ್ದಕ್ಕೂ ದೊಡ್ಡಕ್ಷರವನ್ನು ವಿಧಿಸಿತು. ಬಿಳಿಯರನ್ನು ಹೇಳುವ ‘ವೈಟ್’ ಶಬ್ದಕ್ಕೆ ಚಿಕ್ಕಕ್ಷರವನ್ನೇ ಉಳಿಸಿತು. ಇದರ ಔಚಿತ್ಯದಲ್ಲಿ ಮತಭೇದವುಂಟು.

ಭಾರತೀಯರಿಗೆ ಇದು ತೀರ ದೂರದ ಸಂಗತಿಯಲ್ಲ. ‘ಹರಿಜನ’ ಎಂಬ ಹೆಸರನ್ನು ಶಾಸನದಲ್ಲಿ ಸೇರಿಸುವುದಕ್ಕೆ 1938ರಲ್ಲಿ ಮುಂಬಯಿ ಶಾಸನಸಭೆಯಲ್ಲಿ ಪ್ರತಿಭಟಿಸಿದ ಡಾ. ಅಂಬೇಡ್ಕರರು, 1946ರಲ್ಲಿ ಡುಬಾಯಿಸರಿಗೆ ಪತ್ರ ಬರೆದು ಇಬ್ಬರ ಜನರ ಸ್ಥಿತಿಸಾಮ್ಯವನ್ನು ಸ್ಮರಿಸಿದರು.

ಕನ್ನಡದ ಭಾಷಾಂತರಕಾರನಿಗೆ ಇಲ್ಲೊಂದು ತೊಡಕು. ನಮ್ಮ ಲಿಪಿಯಲ್ಲಿ ದೊಡ್ಡಕ್ಷರ ಚಿಕ್ಕಕ್ಷರಗಳ ಭೇದವಿಲ್ಲವಾಗಿ, ಮೂವತ್ತು ವರ್ಷಗಳ ಆ ಹೋರಾಟವು ಕನ್ನಡಕ್ಕೆ ಬಂದೊಡನೆ ಅದೃಶ್ಯವಾಗುವುದು. ಟಿಪ್ಪಣಿಯ ಹೊರತು ಬೇರೆ ದಾರಿಯಿಲ್ಲ. ‘ಕರಿಯ’ ಎಂಬ ಮಾತೋ, ಕರಿಯಪ್ಪ ಕರಿಯಮ್ಮಂದಿರ ನಾಡಿನಲ್ಲಿ ಭಕ್ತಿಯಿಂದ ಇಟ್ಟ ಹೆಸರೂ ಹೌದು, ಬೀದಿಯ ಹೀಯಾಳಿಕೆಯೂ ಹೌದು. ಇಂಗ್ಲಿಷ್ ಶಬ್ದದ ಚರಿತ್ರೆಯು ಅದಕ್ಕಿಲ್ಲ. ಇಂದಿನ ಸೌಜನ್ಯವನ್ನು ನೆನೆದು ‘ನೀಗ್ರೋ’ ಇರುವೆಡೆಯಲ್ಲೆಲ್ಲ ‘ಕಪ್ಪು ಜನರು’ ಎಂದು ತಿದ್ದಿದರೆ 1928ರ ಆ ಬಾಲಕನ ಓಲೆಗೆ ಅರ್ಥವೇ ಉಳಿಯದು. ಅಲ್ಲಿ ಮೂಲದ ಶಬ್ದವನ್ನೇ ಇರಿಸಿ, ಭಾಷಾಂತರಕಾರನು ತನ್ನ ಮಾತಿನಲ್ಲಿ ಮಾತ್ರ ಆ ಜನರು ಇಂದು ಒಪ್ಪಿರುವ ಹೆಸರನ್ನು ಬಳಸುವುದು ಯುಕ್ತವು.