ಅವಧಿ ಮೀರಿದವರ ಒಳನಾಡ ಪ್ರಯಾಣ: ನಂಬಿಕೆಗಳೂ ನಿಜಸ್ಥಿತಿಯೂ

ಮಕ್ಕಳು ಅಮೆರಿಕದಲ್ಲಿ ನೆಲೆಸಿದ ಮೇಲೆ, ಮೈಸೂರು, ಶಿವಮೊಗ್ಗ, ಧಾರವಾಡಗಳ ನಿವೃತ್ತ ದಂಪತಿಗಳು ಮಗಳ ಬಾಣಂತನಕ್ಕೆಂದೋ ಮೊಮ್ಮಗನ ಚೌಲಕ್ಕೆಂದೋ ಕ್ಯಾಲಿಫೋರ್ನಿಯಕ್ಕೂ ನ್ಯೂಜೆರ್ಸಿಗೂ ಹೋಗಿ, ಕೆಲವು ತಿಂಗಳು ಇದ್ದು ಬರುವುದು ನಮ್ಮ ಮಧ್ಯಮವರ್ಗದ ಮನೆಗಳಲ್ಲಿ ಈಗ ವಾಡಿಕೆಯೇ ಆಗಿಹೋಗಿದೆ. ಈ ವಾಡಿಕೆಯ ಬೆನ್ನಿಗೇ ಒಂದು ಶಾಸ್ತ್ರವೂ ಹುಟ್ಟಿಕೊಂಡಿದೆ. ಹೋಗಿಬಂದವರು ಹೋಗತಕ್ಕವರಿಗೆ ಉಪದೇಶಿಸುವ, ಯಾವ ಗ್ರಂಥದಲ್ಲಿಯೂ ಕಾಣದ, ಆದರೂ ಎಲ್ಲರೂ ಪ್ರಮಾಣವೆಂದು ಅಂಗೀಕರಿಸುವ ಶಾಸ್ತ್ರ ಅದು. ಚಟ್ನಿಪುಡಿಯ ಡಬ್ಬಿ ಎಷ್ಟು ಒಯ್ಯಬಹುದೆಂಬ ವಿಷಯದಲ್ಲಿ ಅದು ತಪ್ಪಿದರೆ ಹೆಚ್ಚಿನ ಹಾನಿಯಿಲ್ಲ; ಆದರೆ ಕೊಟ್ಟ ಗಡುವನ್ನು ದಾಟಿ ಉಳಿದವನು ಆ ದೇಶದೊಳಗೆ ಊರಿಂದೂರಿಗೆ ಸಂಚರಿಸಬಹುದೇ, ಸಂಚರಿಸಿದರೆ ಏನಾದೀತು ಎಂಬ ವಿಷಯದಲ್ಲಿ ತಪ್ಪಿದರೆ ಅದರ ಫಲವನ್ನು ವರ್ಷಗಟ್ಟಲೆ ಉಣ್ಣಬೇಕಾಗುತ್ತದೆ. ಈ ಶಾಸ್ತ್ರದಲ್ಲಿ ಎರಡು ಪಂಥಗಳುಂಟು: ಒಳನಾಡಿನಲ್ಲಿ ಯಾರೂ ಕೇಳುವುದಿಲ್ಲವೆಂದು ಧೈರ್ಯ ಹೇಳುವವರದೊಂದು, ಮನೆಯ ಹೊಸ್ತಿಲು ದಾಟಿದರೆ ಬೇಡಿ ಬೀಳುತ್ತದೆಂದು ಹೆದರಿಸುವವರದೊಂದು. ಎರಡೂ ಪಂಥಗಳು ನಿಜದ ಒಂದೊಂದು ತುಣುಕನ್ನು ಮಾತ್ರ ಹಿಡಿದುಕೊಂಡಿವೆ.

ಮಿಕ್ಕ ಭ್ರಮೆಗಳಿಗೆಲ್ಲ ತಾಯಿಬೇರಾಗಿರುವುದು ವೀಸಾದ ಮೇಲೆ ಅಚ್ಚಾಗಿರುವ ದಿನಾಂಕವನ್ನು ಕುರಿತ ಭ್ರಮೆ. ಭಾರತೀಯ ಸಂದರ್ಶಕರಿಗೆ ಸಾಮಾನ್ಯವಾಗಿ ಹತ್ತು ವರ್ಷದ ವೀಸಾ ದೊರೆಯುವುದರಿಂದ, ಅದು ಮುಗಿಯುವವರೆಗೂ ತಾವು ನಿರ್ಭಯರೆಂದು ಹಲವರು ತಿಳಿಯುತ್ತಾರೆ. ನಿಜವೇನೆಂದರೆ, ವೀಸಾ ಎಂಬುದು ಆ ದೇಶದ ಬಾಗಿಲವರೆಗೆ ಬಂದು ಪ್ರವೇಶವನ್ನು ಯಾಚಿಸುವುದಕ್ಕೆ ಕೊಟ್ಟ ಅನುಮತಿ ಮಾತ್ರ. ಮದುವೆಯ ಆಮಂತ್ರಣ ಪತ್ರಿಕೆ ಕೈಯಲ್ಲಿದ್ದ ಮಾತ್ರಕ್ಕೆ ಛತ್ರದ ಕೋಣೆ ಎಷ್ಟು ದಿನ ನಮ್ಮದೆಂಬುದು ಹೇಗೆ ತೀರ್ಮಾನವಾಗುವುದಿಲ್ಲವೋ, ಹಾಗೆಯೇ ಇಲ್ಲಿಯೂ ಉಳಿಯತಕ್ಕ ಅವಧಿಯನ್ನು ನಿರ್ಣಯಿಸುವವನು ವಿಮಾನ ನಿಲ್ದಾಣದಲ್ಲಿ ಕುಳಿತ ಅಧಿಕಾರಿ. ಅವನ ನಿರ್ಣಯ ದಾಖಲಾಗುವುದು ಐ-94 ಎಂಬ ಪ್ರವೇಶಪತ್ರದಲ್ಲಿ. ಬಿ-2 ವೀಸಾದ ಮೇಲೆ ಬಂದವರಿಗೆ ಸಾಮಾನ್ಯವಾಗಿ ಆರು ತಿಂಗಳು ದೊರೆಯುತ್ತದೆ. 2013ರವರೆಗೆ ಈ ಪತ್ರದ ಬಿಳಿಯ ಚೀಟಿಯೊಂದನ್ನು ಪಾಸ್‌ಪೋರ್ಟಿಗೆ ಸಿಕ್ಕಿಸಿ ಕೊಡುತ್ತಿದ್ದರು. ವಿಮಾನದಲ್ಲಿ ಬರುವವರಿಗೆ ಆ ವರ್ಷದಿಂದ ಅದು ಗಣಕಯಂತ್ರದೊಳಗಿನ ದಾಖಲೆಯಾಗಿ ಮಾಯವಾಯಿತು. ಕಣ್ಣಿಗೆ ಕಾಣುವುದು ವೀಸಾ, ಕಾಣದಿರುವುದು ಐ-94. ಜನ ಕಾಣುವುದನ್ನು ನಂಬಿದರೆ ಅದರಲ್ಲಿ ಆಶ್ಚರ್ಯವೇನೂ ಇಲ್ಲ.

ಉದ್ಯೋಗಸ್ಥರಾದ ತರುಣರೂ ಈ ಜಾಲದಿಂದ ಮುಕ್ತರಲ್ಲ. ಎಚ್-1ಬಿ ವೀಸಾದ ಮೇಲೆ ಬಂದ ಎಂಜಿನಿಯರನೊಬ್ಬನಿಗೆ ಕಂಪನಿಯು ಮೂರು ವರ್ಷದ ಅನುಮೋದನೆಯನ್ನು ಪಡೆದಿರುತ್ತದೆ. ಆದರೆ ಅವನ ಪಾಸ್‌ಪೋರ್ಟಿಗೆ ಒಂದೇ ವರ್ಷದ ಆಯುಸ್ಸು ಉಳಿದಿದ್ದಲ್ಲಿ, ಅಧಿಕಾರಿಯು ಐ-94ರ ಅವಧಿಯನ್ನು ಪಾಸ್‌ಪೋರ್ಟಿನ ಕೊನೆಯ ದಿನಕ್ಕೇ ಮೊಟಕುಗೊಳಿಸುವುದುಂಟು. ಮರುವರ್ಷ ಅವನು ಭಾರತೀಯ ದೂತಾವಾಸದ ಮೂಲಕ ಹೊಸ ಪಾಸ್‌ಪೋರ್ಟನ್ನು ತರಿಸಿಕೊಂಡು, ಎಲ್ಲವೂ ಸರಿಹೋಯಿತೆಂದು ಸಮಾಧಾನಗೊಳ್ಳುತ್ತಾನೆ. ಪಾಸ್‌ಪೋರ್ಟು ಹೊಸದಾಯಿತೆಂದು ಐ-94 ತಾನಾಗಿ ಬೆಳೆಯುವುದಿಲ್ಲ. ಸಂಬಳ ಬರುತ್ತಿರುತ್ತದೆ, ತೆರಿಗೆ ಕಟ್ಟುತ್ತಿರುತ್ತಾನೆ, ರಜೆಯಲ್ಲಿ ಗ್ರ್ಯಾಂಡ್ ಕ್ಯಾನ್ಯನ್ನಿಗೆ ಹೋಗಿ ಚಿತ್ರ ತೆಗೆಸಿಕೊಳ್ಳುತ್ತಾನೆ; ಅವಧಿ ಮೀರಿದವರ ಪಂಕ್ತಿಯಲ್ಲಿ ತಾನು ಕುಳಿತಿರುವುದು ಮಾತ್ರ ಅವನಿಗೆ ಗೊತ್ತಿರುವುದಿಲ್ಲ.

ಇನ್ನು ಒಳನಾಡಿನ ವಿಮಾನದ ಮಾತು. ವೀಸಾ ತೋರಿಸದೆ ವಿಮಾನ ಹತ್ತಗೊಡುವುದಿಲ್ಲವೆಂದು ಹೇಳುವವರು ತಪ್ಪುತ್ತಾರೆ. ನಿಲ್ದಾಣದ ತಪಾಸಣೆಯನ್ನು ನಡೆಸುವ ಟಿ.ಎಸ್.ಎ. ಎಂಬ ಸಂಸ್ಥೆ 2001ರ ಸೆಪ್ಟೆಂಬರಿನ ಅನರ್ಥದ ತರುವಾಯ ಅದೇ ವರ್ಷ ಹುಟ್ಟಿದ್ದು. ಟಿಕೆಟಿನ ಹೆಸರೂ ಮನುಷ್ಯನ ಮುಖವೂ ಒಂದೇ ಎಂಬುದನ್ನು, ಅವನ ಚೀಲದಲ್ಲಿ ಅಪಾಯಕರ ವಸ್ತುಗಳಿಲ್ಲವೆಂಬುದನ್ನು ನೋಡುವುದು ಅದರ ಕರ್ತವ್ಯವೇ ಹೊರತು, ವಾಸ್ತವ್ಯದ ಲೆಕ್ಕ ಕೇಳುವುದು ಅಲ್ಲ. 2025ರ ಮೇ 7ರಿಂದ ‘ರಿಯಲ್ ಐಡಿ’ ನಿಯಮ ಜಾರಿಗೆ ಬಂದಾಗ, ಇನ್ನು ವಿದೇಶೀಯರು ಹಾರುವಂತೆಯೇ ಇಲ್ಲವೆಂದು ಗುಲ್ಲೆದ್ದಿತು; ಅದೂ ಸುಳ್ಳು. ಚಾಲ್ತಿಯಲ್ಲಿರುವ ವಿದೇಶೀ ಪಾಸ್‌ಪೋರ್ಟು ಆ ನಿಯಮದಡಿಯಲ್ಲಿಯೂ ಅಂಗೀಕೃತವಾದ ಗುರುತುಪತ್ರವೇ.

ಆದರೆ ಇಷ್ಟನ್ನೇ ಕೇಳಿ ಧೈರ್ಯದ ಪಂಥದವರು ಗೆದ್ದೆವೆಂದು ಹಿಗ್ಗಬೇಕಾದುದಿಲ್ಲ. ಕೇಳದಿರುವುದು ಬೇರೆ, ತಿಳಿಯದಿರುವುದು ಬೇರೆ. ಪ್ರಯಾಣಿಕನ ಹೆಸರು, ಜನ್ಮದಿನಾಂಕ, ಲಿಂಗಗಳನ್ನು ವಿಮಾನ ಸಂಸ್ಥೆಗಳು ‘ಸೆಕ್ಯೂರ್ ಫ್ಲೈಟ್’ ಎಂಬ ವ್ಯವಸ್ಥೆಯಡಿಯಲ್ಲಿ ಹೊರಡುವುದಕ್ಕೆ ಮುಂಚೆಯೇ ಸರ್ಕಾರಕ್ಕೆ ಒಪ್ಪಿಸಬೇಕು. ಬಹುಕಾಲ ಈ ಪಟ್ಟಿ ಭಯೋತ್ಪಾದಕರನ್ನು ಸೋಸುವ ಜರಡಿಯಾಗಿತ್ತು. 2025ರ ಕೊನೆಯಲ್ಲಿ ಅಲ್ಲಿನ ಪತ್ರಿಕೆಗಳು ವರದಿ ಮಾಡಿದ ಪ್ರಕಾರ, ಒಳನಾಡ ಪ್ರಯಾಣಿಕರ ಹೆಸರುಗಳನ್ನು ಗಡೀಪಾರಿನ ಕಾರ್ಯ ನಡೆಸುವ ‘ಐಸ್’ ಇಲಾಖೆಗೆ ವಾರಕ್ಕೆ ಹಲವು ಬಾರಿ ಒದಗಿಸಲಾಗುತ್ತಿದ್ದು, ಆ ಇಲಾಖೆ ಅವನ್ನು ತನ್ನ ಕಡತಗಳೊಡನೆ ತಾಳೆ ನೋಡುತ್ತಿದೆ. ಹತ್ತು ವರ್ಷದ ಹಿಂದೆ ಒಬ್ಬರು ನಿರಾತಂಕವಾಗಿ ಹಾರಿ ಬಂದರೆಂಬ ಸಾಕ್ಷ್ಯ ಇಂದು ಹಾರತಕ್ಕವನಿಗೆ ಯಾವ ರಕ್ಷೆಯನ್ನೂ ಕೊಡಲಾರದು.

ಹಾಗಾದರೆ ಬಸ್ಸು, ರೈಲು, ಸ್ವಂತ ಕಾರುಗಳೇ ಕ್ಷೇಮವೆಂಬ ನಂಬಿಕೆಯೊಂದುಂಟು. ಗಡಿಯೆಂದರೆ ಬೇಲಿಯಿರುವ ಸ್ಥಳವೆಂದು ನಾವು ಭಾವಿಸಿದ್ದೇವೆ. ಅಮೆರಿಕದ ನಿಯಮಾವಳಿಯಲ್ಲಾದರೋ ಹೊರಗಡಿಯಿಂದ ಒಳಕ್ಕೆ ನೂರು ಮೈಲಿಯವರೆಗೂ ಗಡಿರಕ್ಷಕರಿಗೆ ವಿಶೇಷಾಧಿಕಾರವಿದೆ, ಮತ್ತು ಕಡಲತೀರವೂ ಹೊರಗಡಿಯೆಂದೇ ಎಣಿಕೆಯಾಗುವುದರಿಂದ ನ್ಯೂಯಾರ್ಕ್, ಲಾಸ್ ಏಂಜಲಿಸ್, ಹ್ಯೂಸ್ಟನ್ ನಗರಗಳೂ ಈ ಪಟ್ಟಿಯೊಳಗೇ ಬರುತ್ತವೆ. ಹೆದ್ದಾರಿಗಳಲ್ಲಿ ಸ್ಥಿರವಾದ ತಪಾಸಣಾ ಕಟ್ಟೆಗಳನ್ನಿಟ್ಟು, ಯಾವ ನಿರ್ದಿಷ್ಟ ಅನುಮಾನವೂ ಇಲ್ಲದೆ ವಾಹನಗಳನ್ನು ನಿಲ್ಲಿಸಿ ಪೌರತ್ವವನ್ನು ಕುರಿತು ಸಂಕ್ಷೇಪವಾಗಿ ಪ್ರಶ್ನಿಸುವುದು ಸಂವಿಧಾನಸಮ್ಮತವೆಂದು ಅಲ್ಲಿನ ಸರ್ವೋಚ್ಚ ನ್ಯಾಯಾಲಯ 1976ರಲ್ಲಿಯೇ ತೀರ್ಪಿತ್ತಿದೆ. ಆ ಮೊಕದ್ದಮೆಯ ಮೂಲದಲ್ಲಿದ್ದ ಸ್ಯಾನ್ ಕ್ಲೆಮೆಂಟಿಯ ಕಟ್ಟೆ ಸ್ಯಾನ್ ಡಿಯಾಗೋವಿನಿಂದ ಲಾಸ್ ಏಂಜಲಿಸ್‌ಗೆ ಹೋಗುವ ಹೆದ್ದಾರಿಯಲ್ಲಿ, ಮೆಕ್ಸಿಕೋ ಗಡಿಯಿಂದ ಅರವತ್ತಕ್ಕೂ ಹೆಚ್ಚು ಮೈಲಿ ಒಳಗಿದೆ. ವಿಹಾರಕ್ಕೆ ಹೋಗುವವರು ಇದನ್ನು ಸ್ವಲ್ಪ ವಿವರವಾಗಿ ತಿಳಿದಿರುವುದು ಲೇಸು. ಹ್ಯೂಸ್ಟನ್ನಿನಿಂದಲೋ ಆಸ್ಟಿನ್ನಿನಿಂದಲೋ ಸೌತ್ ಪಾಡ್ರೆ ದ್ವೀಪದ ಕಡಲಿಗೆ ಹೋಗುವಾಗ ಯಾರೂ ತಡೆಯುವುದಿಲ್ಲ. ಹಿಂದಿರುಗುವಾಗ ಸರೀಟಾದಲ್ಲೋ ಫಾಲ್‌ಫೂರಿಯಸ್‌ನಲ್ಲೋ ಕಾರಿನ ಗಾಜಿಳಿಸಿ ಉತ್ತರ ಹೇಳಬೇಕು. ನ್ಯೂ ಮೆಕ್ಸಿಕೋದ ವೈಟ್ ಸ್ಯಾಂಡ್ಸ್ ಬಿಳಿಯ ಮರಳುದಿಬ್ಬಗಳನ್ನು ನೋಡಿ ಲಾಸ್ ಕ್ರೂಸಸ್ ಕಡೆಗೆ ತಿರುಗಿದವರಿಗೂ ದಾರಿಯಲ್ಲಿ ಇಂಥದೇ ಕಟ್ಟೆ ಎದುರಾಗುತ್ತದೆ. ಉತ್ತರದಲ್ಲಿ ಬಫಲೋ, ರಾಚೆಸ್ಟರ್, ಸಿರಾಕ್ಯೂಸ್‌ಗಳ ನಡುವಣ ರೈಲು ಬಸ್ಸುಗಳನ್ನು ಗಡಿರಕ್ಷಕರು ಹತ್ತಿ ವಿಚಾರಿಸಿದ ಪ್ರಸಂಗಗಳು ಅನೇಕ. 2020ರ ಫೆಬ್ರವರಿಯಲ್ಲಿ ಗ್ರೇಹೌಂಡ್ ಬಸ್ ಸಂಸ್ಥೆ, ವಾರಂಟಿಲ್ಲದ ಇಂಥ ಶೋಧಕ್ಕೆ ತನ್ನ ಸಮ್ಮತಿಯಿಲ್ಲವೆಂದು ಪ್ರಕಟಿಸಿತಾದರೂ, ಬಸ್ಸಿನಿಂದಿಳಿದ ಮೇಲಿನ ನೆಲ ಆ ಸಂಸ್ಥೆಯದಲ್ಲವಷ್ಟೆ.

ಇಂಥ ಎಡೆಯಲ್ಲಿ ಮೌನವಾಗಿರುವ ಹಕ್ಕು ಅವಧಿ ಮೀರಿದವನಿಗೂ ಉಂಟು. ಹದಿನೆಂಟು ತುಂಬಿದ ವಿದೇಶೀಯನು ತನ್ನ ನೋಂದಣಿಯ ಪ್ರಮಾಣವನ್ನು ಸದಾ ಜೊತೆಯಲ್ಲಿರಿಸಿಕೊಂಡಿರತಕ್ಕದ್ದೆಂಬ ಕಟ್ಟಳೆಯೂ ಉಂಟು. ಭಯದಿಂದಲೋ ಜಾಣತನದಿಂದಲೋ ‘ನಾನು ಅಮೆರಿಕದ ಪ್ರಜೆ’ ಎಂದು ಹೇಳಿಬಿಡುವುದು ಮಾತ್ರ ಮಹಾಪ್ರಮಾದ: ಅವಧಿ ಮೀರಿದ ದೋಷಕ್ಕೆ ಅನೇಕ ಪರಿಹಾರಗಳಿದ್ದರೂ, ಪೌರತ್ವದ ಸುಳ್ಳು ಹೇಳಿಕೆ ಆಜೀವ ಪ್ರವೇಶನಿಷೇಧಕ್ಕೆ ಕಾರಣವಾಗಬಲ್ಲದು.

ದ್ವೀಪಗಳೆಲ್ಲ ಒಂದೇ ಎಂದೂ ತಿಳಿಯಬಾರದು. ಹವಾಯಿಗೆ ಹೋಗಿಬರುವುದು ಸಾಧಾರಣವಾದ ಒಳನಾಡ ಪ್ರಯಾಣ. ಗುವಾಮ್, ವರ್ಜಿನ್ ದ್ವೀಪಗಳು ಮತ್ತು ಪೋರ್ಟೊ ರಿಕೋದಿಂದ ಮುಖ್ಯಭೂಮಿಗೆ ಮರಳುವವರನ್ನಾದರೋ ವಲಸೆಯ ದೃಷ್ಟಿಯಿಂದ ಪರೀಕ್ಷಿಸುವ ಅಧಿಕಾರ ಶಾಸನದಲ್ಲಿಯೇ ಇದೆ.

ಅವಧಿ ಮೀರುವುದು ಅಪರಾಧವೇ ಎಂದು ಕೇಳಿದರೆ, ಕಳ್ಳದಾರಿಯಲ್ಲಿ ಗಡಿ ದಾಟುವುದು ದಂಡಸಂಹಿತೆಯ ವಿಷಯವಾದಂತೆ, ನ್ಯಾಯವಾಗಿ ಬಂದು ಹೆಚ್ಚು ದಿನ ಉಳಿಯುವುದು ಸಾಮಾನ್ಯವಾಗಿ ಅಪರಾಧದ ವರ್ಗಕ್ಕೆ ಸೇರುವುದಿಲ್ಲ, ಸಿವಿಲ್ ಸ್ವರೂಪದ ಉಲ್ಲಂಘನೆಯೆನಿಸುತ್ತದೆ. ಅಷ್ಟರಿಂದಲೇ ಅದು ಹಗುರವಾಗಲಿಲ್ಲ. ಗಡುವು ಮುಗಿದ ಮರುದಿನದಿಂದಲೇ ಆ ವ್ಯಕ್ತಿ ಗಡೀಪಾರಿಗೆ ಗುರಿಯಾಗಬಲ್ಲವನು. ಯಾವ ವೀಸಾದ ಮೇಲೆ ಬಂದನೋ ಅದು, ಇನ್ನೂ ಎಂಟು ವರ್ಷ ಬಾಕಿಯಿದ್ದರೂ, ತಾನಾಗಿ ರದ್ದಾಗುತ್ತದೆ. ಸಿಕ್ಕಿಬಿದ್ದರೆ ಬಂಧನದಲ್ಲಿರಿಸಬಹುದು, ಆದರೆ ವಿಧಿವತ್ತಾಗಿ ಪ್ರವೇಶ ಪಡೆದಿದ್ದವನಾದ್ದರಿಂದ ವಲಸೆ ನ್ಯಾಯಾಧೀಶನ ಮುಂದೆ ವಿಚಾರಣೆ ಕೇಳುವ ಅವಕಾಶ ಅವನಿಗಿದೆ. ಊರಿಂದೂರಿಗೆ ಹೋದದ್ದರಿಂದ ಉಲ್ಲಂಘನೆ ಹೆಚ್ಚುವುದೂ ಇಲ್ಲ, ಮನೆಯಲ್ಲಿ ಕುಳಿತದ್ದರಿಂದ ಕಡಿಮೆಯಾಗುವುದೂ ಇಲ್ಲ. ಪ್ರಯಾಣವು ಅಧಿಕಾರಿಯನ್ನು ಸಂಧಿಸುವ ಸ್ಥಳಗಳನ್ನು ಹೆಚ್ಚಿಸುತ್ತದೆ, ಅಷ್ಟೆ.

ನನ್ನ ಅಭಿಪ್ರಾಯದಲ್ಲಿ ಎಲ್ಲಕ್ಕಿಂತ ಅನರ್ಥಕಾರಿಯಾದ ನಂಬಿಕೆ ಬೇರೊಂದಿದೆ: ಸದ್ದಿಲ್ಲದೆ ಒಮ್ಮೆ ಹೊರಗೆ ಹೋಗಿಬಂದರೆ ಹಳೆಯ ಲೆಕ್ಕ ತೊಡೆದುಹೋಗುತ್ತದೆಂಬುದು. ಅಮೆರಿಕದ ನಿಲ್ದಾಣಗಳಲ್ಲಿ ನಿರ್ಗಮನದ ಮುದ್ರೆ ಒತ್ತುವ ಪದ್ಧತಿಯಿಲ್ಲವಾಗಿ, ಯಾವಾಗ ಹೋದೆವೆಂಬುದು ಅವರಿಗೆ ಹೇಗೆ ತಿಳಿದೀತೆಂದು ಕೆಲವರು ತರ್ಕಿಸುತ್ತಾರೆ. ಹೊರಟ ವಿಮಾನದ ಪ್ರಯಾಣಿಕರ ಪಟ್ಟಿಯೇ ಅವರಿಗೆ ಅದನ್ನು ತಿಳಿಸುತ್ತದೆ. 1996ರಲ್ಲಿ ಅಂಗೀಕೃತವಾಗಿ 1997ರ ಏಪ್ರಿಲ್ 1ರಿಂದ ಅನ್ವಯವಾದ ಶಾಸನದ ಪ್ರಕಾರ, ಅಕ್ರಮವಾಸ 180 ದಿನವನ್ನು ಮೀರಿ ವರ್ಷದೊಳಗಿದ್ದರೆ ಮೂರು ವರ್ಷ, ಒಂದು ವರ್ಷವೋ ಅದಕ್ಕೂ ಹೆಚ್ಚೋ ಆಗಿದ್ದರೆ ಹತ್ತು ವರ್ಷ ಪುನಃಪ್ರವೇಶಕ್ಕೆ ನಿಷೇಧ. ಈ ನಿಷೇಧ ಜಾರಿಯಾಗುವುದು ಉಳಿದದ್ದರಿಂದಲ್ಲ, ಹೊರಗೆ ಕಾಲಿಟ್ಟದ್ದರಿಂದ. ಹದಿನೆಂಟು ತುಂಬದವರ ದಿನಗಳು ಈ ಎಣಿಕೆಗೆ ಬಾರವು. ಅಮೆರಿಕದ ಪ್ರಜೆಯನ್ನು ಮದುವೆಯಾದ ಹುಡುಗಿಯೊಬ್ಬಳು, ನ್ಯಾಯವಾಗಿ ಪ್ರವೇಶಿಸಿದ್ದಳಾದರೆ, ಅವಧಿ ಮೀರಿದ್ದರೂ ದೇಶದೊಳಗಿದ್ದುಕೊಂಡೇ ಹಸಿರು ಕಾರ್ಡಿಗೆ ಅರ್ಜಿ ಹಾಕಬಹುದು. ಅದೇ ಹುಡುಗಿ, ವರ್ಷಕ್ಕೂ ಮೀರಿ ಹೀಗೆ ಉಳಿದಿದ್ದು, ಅರ್ಜಿಗೆ ಮುಂಚೆ ಅಕ್ಕನ ಮದುವೆಗೆಂದು ಬೆಂಗಳೂರಿಗೆ ಬಂದಳೆಂದರೆ ಹತ್ತು ವರ್ಷದ ಬಾಗಿಲು ಅವಳ ಹಿಂದೆ ಮುಚ್ಚಿಕೊಳ್ಳುತ್ತದೆ.

ನಮ್ಮವರ ನಯಾಗರಾ ಯಾತ್ರೆಯನ್ನು ಈ ದೃಷ್ಟಿಯಿಂದ ನೋಡಬೇಕು. ತಂದೆತಾಯಿ ಬಂದರೆ ನಯಾಗರಾ ತೋರಿಸದೆ ಕಳಿಸುವ ಮಕ್ಕಳಿಲ್ಲ. ಅಮೆರಿಕದ ದಡದಲ್ಲಿ ನಿಂತು ನೋಡುವುದು ಒಳನಾಡ ಪ್ರಯಾಣ. ಕುದುರೆಲಾಳದ ಜಲಪಾತ ಕೆನಡಾದ ಕಡೆಯಿಂದ ಇನ್ನೂ ಸೊಗಸೆಂದು ಕೇಳಿ ರೇನ್‌ಬೋ ಸೇತುವೆಯನ್ನು ದಾಟಿದರೆ ಅದು ದೇಶತ್ಯಾಗ. ಸಿಯಾಟಲ್‌ನಿಂದ ಅಲಾಸ್ಕಕ್ಕೆ ತೇಲುವ ವಿಹಾರನೌಕೆ ಕೆನಡಾದ ಬಂದರನ್ನು ಮುಟ್ಟುತ್ತದೆ; ಮಯಾಮಿಯಿಂದ ಹೊರಟದ್ದು ಬಹಾಮಾಸ್‌ಗೆ ಹೋಗುತ್ತದೆ. ವೀಸಾದ ಅವಧಿ ತೀರಿದ್ದರೂ ಮೂವತ್ತು ದಿನದೊಳಗೆ ಕೆನಡಾಕ್ಕೆ ಹೋಗಿಬರಬಹುದೆಂಬ ರಿಯಾಯಿತಿಯೊಂದನ್ನು ನಮ್ಮ ತಂತ್ರಜ್ಞರು ಪರಸ್ಪರ ಹೇಳಿಕೊಳ್ಳುವುದುಂಟು. ಐ-94 ಚಾಲ್ತಿಯಲ್ಲಿರುವವರಿಗೆ ಮಾತ್ರ ಮೀಸಲಾದ ರಿಯಾಯಿತಿ ಅದು.

ತಂದೆಗೆ ಅಲ್ಲಿಯೇ ಹೃದಯದ ಶಸ್ತ್ರಚಿಕಿತ್ಸೆಯಾಗಿ, ವೈದ್ಯರು ವಿಮಾನಯಾನ ಕೂಡದೆಂದರೆ ಏನು ಗತಿ? ಗಡುವು ಮುಗಿಯುವುದಕ್ಕೆ ಮುಂಚೆ ಐ-539 ಎಂಬ ಅರ್ಜಿಯನ್ನು ಸಕಾರಣವಾಗಿ ಸಲ್ಲಿಸಿದಲ್ಲಿ, ಅದು ತೀರ್ಮಾನವಾಗುವವರೆಗಿನ ದಿನಗಳನ್ನು ಅಕ್ರಮವಾಸವೆಂದು ಎಣಿಸುವುದಿಲ್ಲ. ತಿರಸ್ಕೃತವಾದರೆ ಮರುದಿನದಿಂದ ಎಣಿಕೆ ಆರಂಭವಾಗುತ್ತದೆ. ಗಡುವು ಕಳೆದ ಮೇಲೆ ಎಚ್ಚೆತ್ತವರು ಟಿಕೆಟು ಕೊಳ್ಳುವುದಕ್ಕೆ ಮೊದಲು ವಲಸೆ ವಕೀಲರನ್ನು ಕಾಣಲಿ. ಮಿಕ್ಕವರು, ಅಲ್ಲಿ ಇಳಿದ ವಾರದಲ್ಲಿಯೇ, ಗಡಿರಕ್ಷಣಾ ಇಲಾಖೆಯ ಐ-94 ಜಾಲತಾಣದಲ್ಲಿ ಹೆಸರು, ಜನ್ಮದಿನಾಂಕ, ಪಾಸ್‌ಪೋರ್ಟಿನ ಸಂಖ್ಯೆ ಕೊಟ್ಟು ತಮ್ಮ ಗಡುವನ್ನು ನೋಡಿಕೊಳ್ಳಲಿ, ಅದಕ್ಕೆ ಶುಲ್ಕವಿಲ್ಲ.