ಮನೆಯ ಕೋಣೆಯೇ ಹಾಡಿನ ಸ್ಟುಡಿಯೋ

ನಮ್ಮ ಅತ್ತೆಯವರಿಗೆ ಈಗ 81 ವರ್ಷ. ರಾಗಿ ಬೀಸುವ ಪದ, ಹಸೆಗೆ ಕರೆಯುವ ಪದ, ತೊಟ್ಟಿಲ ಪದ, ಯಾವುದನ್ನು ಕೇಳಿದರೂ ಪುಸ್ತಕವಿಲ್ಲದೆ ಹೇಳುತ್ತಿದ್ದರು. ಎರಡು ವರ್ಷದ ಹಿಂದೆ ನಾದಿನಿಯ ಮಗಳ ಮದುವೆಯಲ್ಲಿ ಅವರು ಹಾಡಿದ ಹಸೆ ಪದವನ್ನು ಮೊಬೈಲಿನಲ್ಲಿ ಹಿಡಿದುಕೊಂಡಿದ್ದೆ. ಮನೆಗೆ ಬಂದು ಕೇಳಿದರೆ ಓಲಗದ ಸದ್ದು, ಫ್ಯಾನಿನ ಸದ್ದು, ಯಾರೋ "ಪಾಯಸ ಬಂತಾ?" ಅಂದದ್ದು! ಅತ್ತೆಯ ದನಿ ಬಾವಿಯೊಳಗಿಂದ ಬಂದಂತಿತ್ತು. ಇನ್ನೊಮ್ಮೆ ಹೇಳಿಸಿದರಾಯಿತು ಎಂದು ಸುಮ್ಮನಾದೆ. ಆರು ತಿಂಗಳು ಕಳೆದು ಕೇಳಿದಾಗ ಕೊನೆಯ ನಾಲ್ಕು ಸಾಲು ಬರಲೇ ಇಲ್ಲ. "ಹೋಯ್ತು ಕಣಮ್ಮ, ನೆಪ್ಪಿಗೆ ಬರ್ತಿಲ್ಲ" ಅಂದರು.

ಉಳಿದ ಪದಗಳಾದರೂ ಉಳಿಯಲಿ ಎಂದು ಅಂದೇ ನಿಶ್ಚಯಿಸಿದೆ. ಸ್ಟುಡಿಯೋ ಎಂದರೆ ಲಕ್ಷಗಟ್ಟಲೆ ಬೇಕು ಎಂದು ನಮ್ಮವರು ನಕ್ಕರು. ಆದರೆ 1902ರಲ್ಲಿ ಗೌಹರ್ ಜಾನ್ ಅವರ ಹಾಡನ್ನು ಗ್ರಾಮಫೋನ್ ತಟ್ಟೆಗೆ ಮುದ್ರಿಸಿಕೊಂಡದ್ದು ಕಲ್ಕತ್ತದ ಒಂದು ಹೋಟೆಲಿನ ಕೋಣೆಯಲ್ಲಿ! ಆ ಮಹಾ ಗಾಯಕಿ 1930ರಲ್ಲಿ ತೀರಿಕೊಂಡದ್ದು ನಮ್ಮ ಮೈಸೂರಿನಲ್ಲೇ. ಹೋಟೆಲಿನ ಕೋಣೆ ಸಾಕಾದರೆ ನಮ್ಮ ಮನೆಯ ಕೋಣೆ ಏಕೆ ಸಾಲದು?

ಮೊದಲು ಕೋಣೆ

ನಾನು ಕಲಿತ ದೊಡ್ಡ ಪಾಠ ಇದೇ: ಯಂತ್ರಕ್ಕಿಂತ ಕೋಣೆ ಮುಖ್ಯ. ಕೋಣೆಯಲ್ಲಿ ನಿಂತು ಒಮ್ಮೆ ಚಪ್ಪಾಳೆ ತಟ್ಟಿ. ಸದ್ದು ಗುಂಯ್ ಎಂದು ಮರಳಿ ಬಂದರೆ ಆ ಕೋಣೆ ಹಾಡಿಗೆ ಆಗದು. ಬರಿ ಗೋಡೆ, ಬರಿ ನೆಲ ದನಿಯನ್ನು ತಿರುಗಿಸಿ ಎಸೆಯುತ್ತವೆ. ಹತ್ತಿ, ಉಣ್ಣೆ ಹೀರಿಕೊಳ್ಳುತ್ತವೆ. ನಾನು ಬಟ್ಟೆ ಬೀರು ಇರುವ ಚಿಕ್ಕ ಕೋಣೆ ಆರಿಸಿಕೊಂಡು, ಗೋಡೆಗೆ ಎರಡು ಹತ್ತಿ ಹಾಸಿಗೆ ಒರಗಿಸಿ, ಕಿಟಕಿಗೆ ಕಂಬಳಿ ತೂಗುಹಾಕಿ, ನೆಲಕ್ಕೆ ಜಮಖಾನ ಹಾಸಿದೆ. ಖರ್ಚು ಸೊನ್ನೆ. ಮೊಟ್ಟೆಯ ತಟ್ಟೆಗಳನ್ನು ಅಂಟಿಸಿ ಎಂದು ಹೇಳುವವರಿದ್ದಾರೆ. ಹೊರಗಿನ ಸದ್ದನ್ನು ಅವು ತಡೆಯುವುದಿಲ್ಲ, ಧೂಳು ಮಾತ್ರ ಕೂಡಿಕೊಳ್ಳುತ್ತದೆ.

ಫ್ಯಾನು, ಫ್ರಿಜ್ಜು ಎರಡನ್ನೂ ಆರಿಸಬೇಕು. ಫ್ರಿಜ್ಜು ಮತ್ತೆ ಹಾಕಲು ಮರೆತು ಒಮ್ಮೆ ಎರಡು ಲೀಟರ್ ಹಾಲು ಒಡೆಸಿಕೊಂಡೆ. ಈಗ ಬಾಗಿಲ ಬೀಗದ ಕೈಯನ್ನು ಫ್ರಿಜ್ಜಿನೊಳಗೇ ಇಟ್ಟುಬಿಡುತ್ತೇನೆ, ಮರೆಯುವ ಪ್ರಶ್ನೆಯೇ ಇಲ್ಲ!

ಬೇಕಾದ ಸಾಮಾನು

ಮೈಕಿನಲ್ಲಿ ಮುಖ್ಯವಾಗಿ ಎರಡು ಬಗೆ. ಕಂಡೆನ್ಸರ್ ಮೈಕು ಬಲು ಸೂಕ್ಷ್ಮ, ಸದ್ದಿಲ್ಲದ ಕೋಣೆಗೆ ಒಳ್ಳೆಯದು. ಡೈನಮಿಕ್ ಮೈಕು ಹತ್ತಿರದ ದನಿಯನ್ನೇ ಹೆಚ್ಚಾಗಿ ಹಿಡಿಯುತ್ತದೆ. ಅಂಗಡಿಯವರ ಮಾತು ಕೇಳಿ ನಾನು ಮೊದಲು ಕಂಡೆನ್ಸರ್ ತಂದೆ. ನಮ್ಮದು ಅರಸೀಕೆರೆ, ರೈಲ್ವೆ ಜಂಕ್ಷನ್. ರೈಲಿನ ಕೂಗು, ಪಕ್ಕದ ಮನೆಯ ಮಿಕ್ಸಿ ಎಲ್ಲವೂ ಹಾಡಿನಲ್ಲಿ ಸೇರಿಕೊಂಡವು! ಕೊನೆಗೆ ಅದನ್ನು ಬದಲಾಯಿಸಿ, ಲ್ಯಾಪ್‌ಟಾಪಿಗೆ ನೇರ ಯುಎಸ್‌ಬಿ ತಂತಿ ಸಿಕ್ಕಿಸುವ ಡೈನಮಿಕ್ ಮೈಕು ತಂದೆ. ಇದಕ್ಕೆ ಬೇರೆ ಪೆಟ್ಟಿಗೆ ಬೇಡ.

ನಾನು ಕೊಟ್ಟದ್ದು ಮೈಕಿಗೆ 2,900, ಸ್ಟ್ಯಾಂಡಿಗೆ 350, ಕಿವಿ ಮುಚ್ಚುವಂಥ ಹೆಡ್‌ಫೋನಿಗೆ 850, ಒಟ್ಟು 4,100 ರೂಪಾಯಿ. ಲ್ಯಾಪ್‌ಟಾಪು ಮಗನ ಹಳೆಯದು. ಆಡಾಸಿಟಿ ಎಂಬ ತಂತ್ರಾಂಶ ಪುಕ್ಕಟೆ ಸಿಗುತ್ತದೆ.

ಪ, ಬ, ಭ ಅಕ್ಷರಗಳಲ್ಲಿ ಉಸಿರು ಮೈಕಿಗೆ ಬಡಿದು 'ಡಬ್' ಎನ್ನುತ್ತದೆ. ಅದಕ್ಕೆ ಕಸೂತಿ ಹಾಕುವ ಮರದ ಬಳೆಗೆ ತೆಳ್ಳನೆಯ ನೈಲಾನ್ ಬಟ್ಟೆ ಬಿಗಿದು, ಮೈಕಿನ ಮುಂದೆ ನಾಲ್ಕು ಬೆರಳು ಅಂತರದಲ್ಲಿ ನಿಲ್ಲಿಸಿದೆ.

ಹಾಡಿಸುವಾಗ

ಬಾಯಿಗೂ ಮೈಕಿಗೂ ಒಂದು ಗೇಣು ಅಂತರವಿರಲಿ. ಪರದೆಯ ಮೇಲೆ ದನಿಯ ಅಳತೆ ತೋರಿಸುವ ಪಟ್ಟಿ ಸೊನ್ನೆ ಮುಟ್ಟಿದರೆ ದನಿ ಒಡೆಯುತ್ತದೆ, ಆಮೇಲೆ ಸರಿಪಡಿಸಲಾಗದು. ಏರುದನಿಯಲ್ಲೂ ಅದು ಮೈನಸ್ 12ರಿಂದ ಮೈನಸ್ 6ರೊಳಗೆ ನಿಲ್ಲುವಂತೆ ಹೊಂದಿಸಿಕೊಳ್ಳಿ. ಹಾಡುವ ಮುಂಚೆ ಐದಾರು ಸೆಕೆಂಡು ಎಲ್ಲರೂ ಸುಮ್ಮನಿರಿ. ಆ ಖಾಲಿ ಭಾಗವನ್ನು ಮಾದರಿಯಾಗಿಟ್ಟು ಹಿನ್ನೆಲೆಯ ಗುಂಯ್‌ಗುಡಿಕೆಯನ್ನು ಆಡಾಸಿಟಿಯಲ್ಲಿ ತಗ್ಗಿಸಬಹುದು. ಹೆಚ್ಚು ತಗ್ಗಿಸಿದರೆ ದನಿಯೂ ತಗಡಿನಂತಾಗುತ್ತದೆ, ಹುಷಾರು.

ವಯಸ್ಸಾದವರನ್ನು ಅವಸರ ಮಾಡಬೇಡಿ. ಕಾಫಿ ಕೊಟ್ಟು, ಊರಿನ ಮಾತು ತೆಗೆಯಿರಿ. ಒಂದು ಕೂಡುವಿಕೆಗೆ ಎರಡೋ ಮೂರೋ ಪದ ಸಾಕು.

ಕಾಪಿಡುವುದು

ಮೂಲ ಪ್ರತಿ ವೇವ್ ರೂಪದಲ್ಲಿರಲಿ. ಸಿ.ಡಿ. ಗುಣಮಟ್ಟದಲ್ಲಿ, ಮೋನೋ ಆಗಿ ಉಳಿಸಿದರೆ ಗಂಟೆಗೆ ಸುಮಾರು 320 ಎಂ.ಬಿ. ಹಿಡಿಸುತ್ತದೆ. ನೆಂಟರಿಗೆ ಕಳಿಸಲು ಮಾತ್ರ ಎಂಪಿ3 ಮಾಡಿ. ಒಂದು ಪ್ರತಿ ಲ್ಯಾಪ್‌ಟಾಪಿನಲ್ಲಿ, ಇನ್ನೊಂದು ಬೇರೆ ಮನೆಯಲ್ಲಿ ಇರಬೇಕು. ನಮ್ಮದು ನಾದಿನಿಯ ಬೀರುವಿನಲ್ಲಿದೆ. ಪದದ ಹೆಸರು, ಹಾಡಿದವರು, ಯಾರಿಂದ ಕಲಿತರು, ತಾರೀಖು, ಇಷ್ಟನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ.

ಮೊದಲ ಸಲ ಹೆಡ್‌ಫೋನು ಹಾಕಿಕೊಂಡು ತಮ್ಮ ಹಾಡನ್ನೇ ಕೇಳಿದ ಅತ್ತೆಯವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಇದು ನಾನಾ? ನಮ್ಮವ್ವನ ಗಂಟಲು ಇದ್ದಂಗೈತಲ್ಲ!" ಅಂದರು. ಈವರೆಗೆ 23 ಪದ ಸೇರಿವೆ. ಹಸೆ ಪದದ ಆ ಕೊನೆಯ ಸಾಲುಗಳಲ್ಲಿ ಎರಡು ಅವರ ತಂಗಿಯ ಬಾಯಲ್ಲಿ ಸಿಕ್ಕವು. ಇನ್ನೆರಡು ಸಿಕ್ಕಿಲ್ಲ.

ಆದ್ದರಿಂದ ಸೋದರಿಯರೇ, ಮೈಕು ಕೊಳ್ಳುವವರೆಗೂ ಕಾಯಬೇಡಿ. ಫ್ಯಾನು ಆರಿಸಿ, ಬಟ್ಟೆ ಬೀರುವಿನ ಬಾಗಿಲು ತೆರೆದು ಅದರ ಮುಂದೆ ಅಜ್ಜಿಯನ್ನು ಕೂರಿಸಿ, ಮೊಬೈಲಿನಲ್ಲೇ ಮೊದಲ ಪದ ಹಿಡಿದುಕೊಳ್ಳಿ. ಸಾಮಾನು ನಾಳೆಯೂ ಸಿಗುತ್ತದೆ, ಮರೆತ ಸಾಲು ಸಿಗುವುದಿಲ್ಲ.