ಕೀಲಿಮಣೆಯ ಸೋಮಾರಿ ಕೀಲಿಗೊಂದು ಕೆಲಸ

ಯುವಮಿತ್ರರೇ, ಮನೆಯಲ್ಲಿ ಚೆಂದವಾಗಿ ಕನ್ನಡ ಮಾತನಾಡುವ ನೀವು ಊರಿನ ಅಜ್ಜಿಗೆ ನಾಲ್ಕು ಸಾಲು ಬರೆಯುವಾಗ ಮಾತ್ರ ಇಂಗ್ಲಿಷ್ ಅಕ್ಷರಗಳಿಗೇಕೆ ಮೊರೆಹೋಗುತ್ತೀರಿ? ಪಾಪ, ಅಜ್ಜಿಗೆ ಅದನ್ನು ಪಕ್ಕದ ಮನೆಯ ಹುಡುಗ ಓದಿ ಹೇಳಬೇಕು. ಲಿಪಿ ಬಾರದವರ ಮಾತು ಬೇರೆ. ಬಲ್ಲವರೂ ಹೀಗೇ ಮಾಡುತ್ತಾರೆ. ಕೇಳಿದರೆ, "ಪ್ರತಿ ಸಲ ಭಾಷೆ ಬದಲಿಸುವುದು ರಗಳೆ" ಎನ್ನುತ್ತಾರೆ. ನಿಮ್ಮದು ಲಿನಕ್ಸ್ ಗಣಕವಾಗಿದ್ದರೆ ಆ ರಗಳೆಯನ್ನು ಹತ್ತು ನಿಮಿಷದಲ್ಲಿ ತೀರಿಸಬಹುದು.

ಮೊದಲು ಒಂದು ಗುಟ್ಟು. ಕೀಲಿಯ ಮೇಲೆ ಏನು ಅಚ್ಚಾಗಿದೆ ಎಂಬುದು ಗಣಕಕ್ಕೆ ಗೊತ್ತೇ ಇಲ್ಲ. ಒತ್ತಿದಾಗ ಅದಕ್ಕೆ ತಲುಪುವುದು ಬರೀ ಒಂದು ಸಂಖ್ಯೆ. ಲಿನಕ್ಸ್‌ನ ಲೆಕ್ಕದಲ್ಲಿ ಕೆ ಎಂದರೆ 37, ಕ್ಯಾಪ್ಸ್ ಲಾಕ್ ಎಂದರೆ 58. ಆ ಸಂಖ್ಯೆಗೆ ಅರ್ಥ ಕೊಡುವುದು ಎಕ್ಸ್‌ಕೆಬಿ ಎಂಬ ವ್ಯವಸ್ಥೆ. ಅರ್ಥ ಬದಲಿಸಿದರೆ ಕೀಲಿಯ ಕೆಲಸವೂ ಬದಲಾಯಿತು.

ಈಗ ಆ ಕ್ಯಾಪ್ಸ್ ಲಾಕನ್ನೇ ನೋಡಿ. ಎಡಗೈಯ ಕಿರುಬೆರಳಿನ ಪಕ್ಕದಲ್ಲೇ, ಊಟದೆಲೆಯ ತುದಿಯ ಉಪ್ಪಿನಂತೆ ಕೈಗೆಟುಕುವ ಜಾಗ. ಮಾಡುವ ಕೆಲಸ? ಹೆಚ್ಚಿನವರಿಗೆ ಏನೂ ಇಲ್ಲ. ಕನ್ನಡದಲ್ಲಂತೂ ದೊಡ್ಡಕ್ಷರ, ಸಣ್ಣಕ್ಷರ ಎಂಬ ಭೇದವೇ ಇಲ್ಲ. ಹಿಂದಿನ ಹಲವು ಟರ್ಮಿನಲ್‌ಗಳಲ್ಲಿ ಅಲ್ಲಿ ಕಂಟ್ರೋಲ್ ಕೀಲಿ ಇರುತ್ತಿತ್ತು; 1980ರ ದಶಕದ ನಡುವೆ ಬಂದ ಐಬಿಎಂನ 101 ಕೀಲಿಗಳ ಮಣೆ ಅಲ್ಲಿ ಕ್ಯಾಪ್ಸ್ ಲಾಕನ್ನು ಕೂರಿಸಿತು. ಪ್ರೋಗ್ರಾಮ್ ಬರೆಯುವ ಅನೇಕರು ಇಂದಿಗೂ ಇವೆರಡನ್ನು ಅದಲುಬದಲು ಮಾಡಿಕೊಳ್ಳುತ್ತಾರೆ. ತಪ್ಪೇನಿಲ್ಲ. ಆದರೆ ನಿಮಗೆ ನನ್ನ ಸಲಹೆ: ಅದನ್ನು ಕನ್ನಡದ ಬಾಗಿಲು ಮಾಡಿಕೊಳ್ಳಿ.

ಗ್ನೋಮ್ ಡೆಸ್ಕ್‌ಟಾಪ್ ಆದರೆ ಸೆಟ್ಟಿಂಗ್ಸ್‌ನ ಕೀಬೋರ್ಡ್ ಪುಟದಲ್ಲಿ ಕನ್ನಡ ವಿನ್ಯಾಸವನ್ನು ಸೇರಿಸಿ. ಬಳಿಕ ಟ್ವೀಕ್ಸ್ ಎಂಬ ತಂತ್ರಾಂಶದಲ್ಲಿ ಕೀಬೋರ್ಡ್‌ಗೆ ಸಂಬಂಧಿಸಿದ ಹೆಚ್ಚುವರಿ ಆಯ್ಕೆಗಳನ್ನು ತೆರೆದು, 'ಸ್ವಿಚಿಂಗ್ ಟು ಅನದರ್ ಲೇಔಟ್' ಎಂಬಲ್ಲಿ ಕ್ಯಾಪ್ಸ್ ಲಾಕ್‌ಗೆ ಗುರುತು ಹಾಕಿ. ಕೆಡಿಇಯಲ್ಲಿ ಇವೆರಡೂ ಸಿಸ್ಟಮ್ ಸೆಟ್ಟಿಂಗ್ಸ್‌ನಲ್ಲೇ ಸಿಗುತ್ತವೆ. ಇನ್ನು ಕ್ಯಾಪ್ಸ್ ಒತ್ತಿದರೆ ಕನ್ನಡ, ಮತ್ತೆ ಒತ್ತಿದರೆ ಇಂಗ್ಲಿಷ್.

ವಿನ್ಯಾಸಗಳು ಮುಖ್ಯವಾಗಿ ಎರಡು. ಇನ್‌ಸ್ಕ್ರಿಪ್ಟ್‌ನಲ್ಲಿ ಭಾರತದ ಲಿಪಿಗಳಿಗೆಲ್ಲ ಒಂದೇ ಜಾಗ. ಅದರಲ್ಲಿ ಮರಾಠಿಯನ್ನೋ ಹಿಂದಿಯನ್ನೋ ಬೆರಳಚ್ಚಿಸಿ ಬಲ್ಲ ಪುಣೆ, ಮುಂಬಯಿಯ ಹುಡುಗರಿಗೆ ಕನ್ನಡ ಪುಕ್ಕಟೆಯಾಗಿ ಬಂದಂತೆ. ಇನ್ನೊಂದು ಕಗಪ, ಅಂದರೆ ಕನ್ನಡ ಗಣಕ ಪರಿಷತ್ತಿನ ಹೆಸರು ಹೊತ್ತದ್ದು. ಇದರ ಮೂಲ ಕಿನ್ನಿಕಂಬಳ ಪದ್ಮನಾಭ ರಾಯರ ವಿನ್ಯಾಸ. ಉಳಿದವರಿಗೆ ನಾನು ಹೇಳುವುದು ಇದನ್ನೇ, ಏಕೆಂದರೆ ಕೆ ಒತ್ತಿದರೆ ಕ ಬರುತ್ತದೆ, ಶಿಫ್ಟ್ ಸೇರಿಸಿದರೆ ಖ. ಜಿ ಒತ್ತಿದರೆ ಗ, ಶಿಫ್ಟ್‌ನೊಡನೆ ಘ. ಇಂಗ್ಲಿಷಿನಲ್ಲಿ ಅಕ್ಷರವನ್ನು ದೊಡ್ಡದು ಮಾಡುವ ಶಿಫ್ಟ್, ನಮ್ಮಲ್ಲಿ ಅಲ್ಪಪ್ರಾಣವನ್ನು ಮಹಾಪ್ರಾಣ ಮಾಡುತ್ತದೆ! ಎಫ್ ಎಂದರೆ ಅರ್ಧಾಕ್ಷರದ ಕೊಂಡಿ. ಕೆ, ಎನ್, ಎಫ್, ಎನ್, ಡಬ್ಲ್ಯು ಎಂದು ಐದು ಕೀಲಿ ಒತ್ತಿದರೆ 'ಕನ್ನಡ' ಮೂಡಿತು.

ಇಲ್ಲೊಂದು ಎಚ್ಚರಿಕೆ. ಉತ್ಸಾಹದಲ್ಲಿ ಬಲಗಡೆಯ ಆಲ್ಟ್ ಕೀಲಿಯ ಕೆಲಸವನ್ನೂ ಬದಲಿಸಬೇಡಿ. ಎಕ್ಸ್‌ಕೆಬಿಯ ಕಗಪದಲ್ಲಿ ಐ ಒತ್ತಿದರೆ ಬರುವುದು ಗುಡಿಸು ಮಾತ್ರ. 'ಇಲ್ಲಿ' ಎಂದು ಬರೆಯಲು ಬೇಕಾದ ಇ ಸಿಗುವುದು ಬಲ ಆಲ್ಟ್ ಹಿಡಿದು ಐ ಒತ್ತಿದಾಗ. ಅದನ್ನು ಕಳೆದುಕೊಂಡರೆ ಸ್ವರಗಳಿಗೇ ಕುತ್ತು.

'ರಾಜ್‌ಕುಮಾರ್' ಎಂದು ಬರೆಯಹೋದರೆ ಕಕಾರವು ಜಕಾರಕ್ಕೆ ಒತ್ತಾಗಿ 'ರಾಜ್ಕುಮಾರ್' ಎಂದಾಗುವುದನ್ನು ನೀವು ನೋಡಿರಬಹುದು. ಅದಕ್ಕೂ ಮದ್ದಿದೆ. ಅದೇ ಹೆಚ್ಚುವರಿ ಆಯ್ಕೆಗಳಲ್ಲಿ 'ಜೀರೋ ವಿಡ್ತ್ ನಾನ್ ಜಾಯ್ನರ್' ಎಂಬುದನ್ನು ಎರಡನೆಯ ಪದರಕ್ಕೆ ಕೊಡುವ ಸೌಲಭ್ಯವಿದೆ. ಗುರುತು ಹಾಕಿದರೆ ಶಿಫ್ಟ್ ಮತ್ತು ಸ್ಪೇಸ್ ಒಟ್ಟಿಗೆ ಒತ್ತಿದಾಗ ಕಣ್ಣಿಗೆ ಕಾಣದ ಒಂದು ತಡೆ ಬೀಳುತ್ತದೆ. ಜ್ ಆದ ಕೂಡಲೇ ಅದನ್ನು ಹಾಕಿ ಮುಂದುವರಿಯಿರಿ.

ಅಜ್ಜಿಯ ಫೋನಿನಲ್ಲಿ ಏನನ್ನೂ ಬದಲಿಸಬೇಕಿಲ್ಲ. 1991ರ ಮೊದಲ ಆವೃತ್ತಿಯಿಂದಲೇ ಯುನಿಕೋಡ್‌ನಲ್ಲಿ ಕನ್ನಡವಿದೆ. ನೀವು ಬರೆದದ್ದು ಅಲ್ಲಿ ಕನ್ನಡವಾಗಿಯೇ ಕಾಣುತ್ತದೆ. ಮನೆಯಲ್ಲಿ ಬೇರೆಯವರೂ ಅದೇ ಗಣಕ ಬಳಸುವುದಾದರೆ ಮಾತ್ರ ಅವರಿಗೆ ಮೊದಲೇ ಒಂದು ಮಾತು ತಿಳಿಸಿಬಿಡಿ.